ಆಡಿಯೊ ಕೇಳಿದವರು ಇಬ್ಬರೇ

ಶನಿವಾರ ಸಂಜೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಶೆಡ್‌ನಿಂದ ಮನೆಯವರ ವಾಟ್ಸಾಪ್ ಗುಂಪಿಗೆ 18 ಸೆಕೆಂಡಿನ ಆಡಿಯೊ ಹಾಕಿದೆ. "ಹೊಸ ಲೇತ್ ಬಂದು ಒಂಬತ್ತು ದಿನ ಆಯ್ತು. 400 ಆರ್‌ಪಿಎಂ ದಾಟಿದ್ರೆ ಹಿಂಗೆ ಕೂಗ್ತದೆ. ಗೊತ್ತಿರೋರು ಹೇಳಿ." ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಿಷಿನ್. ನಮ್ಮ ಮನೆತನದಲ್ಲಿ ಅರ್ಧಕ್ಕರ್ಧ ಜನ ಮಿಷಿನ್ ಮುಂದೆ ನಿಂತು ಅನ್ನ ದುಡಿದವರು. ಅದಕ್ಕೇ ಅಲ್ಲಿ ಕೇಳಿದ್ದು.

ಮೊದಲು ಬಂದದ್ದು ಮಂಡ್ಯದ ಭಾವನ ಫಾರ್ವರ್ಡ್: "ಹೊಸ ಲೇತ್‌ನಲ್ಲಿ ಶಬ್ದ ಬಂದರೆ ಹೆಡ್‌ಸ್ಟಾಕ್ ಬೇರಿಂಗ್ ಹೋಗಿದೆ ಎಂದೇ ಅರ್ಥ!! ತಕ್ಷಣ ವಾಪಸ್ ಕಳಿಸಿ. ತಪ್ಪದೆ ಎಲ್ಲರಿಗೂ ಹಂಚಿ."

ಭಾವ: ನಾನು ಆವತ್ತೇ ಯೋಳ್ದೆ, ಹಳೇ ಎಚ್‌ಎಂಟಿ ಲೇತ್ ಒಂದು ಐತೆ ತಗೋ ಅಂತ. ಕೇಳ್ಲಿಲ್ಲ.

ಚಿಕ್ಕಪ್ಪ: ಇದನ್ನ ಬರ್ದೋರು ಯಾರು? ಯಾವ ಮಿಷಿನ್ನು, ಯಾವ ಬೇರಿಂಗು, ಏನೂ ಇಲ್ಲ. ಮೂಲ ಹಾಕಿ.

ಭಾವ: ಎಲ್ಲಾದ್ಕೂ ಮೂಲ ಕೇಳ್ತೀರಲ್ಲ, ನೀವು ಜಾಗ ತೋರ್ಸಿದ ಬೋರ್‌ವೆಲ್‌ನಲ್ಲಿ ನೀರು ಎಲ್ಲೋಯ್ತು?

ದೊಡ್ಡಪ್ಪ: ಆಯುಧಪೂಜೆ ಗಂಟ ಕಾಯಿ ಅಂದಿದ್ದೆ. ಹೊಸ ಮಿಷಿನ್ ಹೊಸ ಎತ್ತು ಇದ್ದಂಗೆ, ನೊಗಕ್ಕೆ ಹೊಂದ್ಕಳಕ್ಕೆ ಟೈಮ್ ಬೇಕು. ಈಗಿನ ಹುಡುಗ್ರಿಗೆ ತಾಳ್ಮೆ ಇಲ್ಲ.

ದೊಡ್ಡಮ್ಮನ ಮಗ: ಮಿಷಿನ್ ಶಬ್ದ ಅಂದ್ರೆ ಯಾದವಗಿರಿ ಜಾವಾ ಬೈಕ್ ಫ್ಯಾಕ್ಟ್ರಿ ನೆನಪಾಯ್ತದೆ. ಅಪ್ಪ ಶಿಫ್ಟ್ ಮುಗ್ಸಿ ಬರೋದು ಬೀದಿ ತಿರುವಲ್ಲೇ ಗೊತ್ತಾಗೋದು. ಆ ಗಾಡಿಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ. 1996ರಲ್ಲಿ ಬಾಗ್ಲು ಹಾಕುದ್ರು, ಹೊಟ್ಟೆ ಉರೀತದೆ.

ಅಲ್ಲಿಂದ ಮಾತು ಅಪ್ಪನ ಜಾವಾ ಗಾಡಿಯನ್ನು ಯಾರಿಗೂ ಹೇಳದೆ ಮಾರಿದವರು ಯಾರು ಅನ್ನುವುದಕ್ಕೆ ಹೋಯಿತು. ರಾತ್ರಿ ಹನ್ನೊಂದರವರೆಗೂ ಅದೇ. ಆಡಿಯೊದ ಇನ್ಫೋ ತೆಗೆದು ನೋಡಿದೆ. ಕೇಳಿದವರು ಇಬ್ಬರೇ: ಚಿಕ್ಕಪ್ಪ, ಬನ್ನೂರಿನ ಸಣ್ಣತ್ತೆ. ಅದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಸಾಲ ತೀರಿಸಬೇಕಾದ ಮಿಷಿನ್ ಅದು.

ಸಣ್ಣತ್ತೆ ಹಿಟ್ಟಿನ ಮಿಲ್ ನಡೆಸುತ್ತಾರೆ. ಜಾವಾ ಜಗಳದ ನಡುವೆ ಅವರದೊಂದು ಮೆಸೇಜ್ ಸಿಕ್ಕಿಕೊಂಡಿತ್ತು, ಯಾರೂ ಉತ್ತರಿಸಿರಲಿಲ್ಲ: "ಕೇಳ್ದೆ ಕಣಪ್ಪ. ನಮ್ ಮಿಲ್ಲು ಕೂಗುದ್ರೆ ನಾನು ಮೊದ್ಲು ಬೆಲ್ಟ್ ತೆಗ್ದು ಮೋಟ್ರು ಒಂದನ್ನೇ ಓಡಿಸ್ತೀನಿ. ಒಂದೊಂದೇ ಬಿಡಿಸ್ಕೊಂಡು ಹೋಗು. ಯಾವುದ್ನ ಬಿಡಿಸ್ದಾಗ ನಿಲ್ತದೋ ಅಲ್ಲೈತೆ."

ಭಾನುವಾರ ಬೆಳಿಗ್ಗೆ ಹಾಗೇ ಮಾಡಿದೆ. ಬೆಲ್ಟ್ ಇಲ್ಲದೆ ಮೋಟರ್ ತಣ್ಣಗೆ ತಿರುಗಿತು. ಬೆಲ್ಟ್ ಹಾಕಿ, ಎಡಗಡೆಯ ಗೇರ್‌ಗಳನ್ನು ಸೇರಿಸಿ ಬಿಡಿಸುವ ಟಂಬ್ಲರ್ ಲಿವರ್ ನ್ಯೂಟ್ರಲ್‌ಗೆ ತಂದು, ಹೆಡ್‌ಸ್ಟಾಕ್ ಬೇರಿಂಗ್ ಮೇಲೆ ತಿರುಗುವ ಮುಖ್ಯ ದಂಡ, ಅಂದರೆ ಸ್ಪಿಂಡಲ್ ಮಾತ್ರ ಓಡಿಸಿದೆ. 400, 600, ಎಲ್ಲೂ ಕೂಗಿಲ್ಲ. ಬೇರಿಂಗ್ ಹೋಗಿದ್ದರೆ ಇಲ್ಲೂ ಗುರುಗುಟ್ಟಬೇಕಿತ್ತು. ನಿಲ್ಲಿಸಿ, ಟಂಬ್ಲರ್ ಹಾಕಿ ಮತ್ತೆ ಓಡಿಸಿದೆ. ಅದೇ ಕೂಗು.

ಮೇನ್ ಸ್ವಿಚ್ ಆಫ್ ಮಾಡಿ ಎಡಗಡೆ ಕವರ್ ತೆಗೆದೆ. ಅಲ್ಲಿರುವ ಚೇಂಜ್ ಗೇರ್‌ಗಳಲ್ಲಿ (ಬೇಕಾದಂತೆ ಬದಲಿಸಿ ಹಾಕುವ ಗೇರ್‌ಗಳು) ಎರಡು ಒಂದಕ್ಕೊಂದು ಬಿಗಿದು ಕೂತಿದ್ದವು. ಬೇರೆ ಗೇರ್‌ಗಳ ಹಲ್ಲಿನ ಸಂದಿಯಲ್ಲಿ ಕಪ್ಪು ಗ್ರೀಸ್ ಹಾಗೇ ಇತ್ತು. ಇವೆರಡರಲ್ಲಿ ಗ್ರೀಸ್ ಪೂರ್ತಿ ಹಿಂಡಿಹೋಗಿ ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಜಾಗವೇ ಇಲ್ಲದೆ ಹಲ್ಲು ಹಲ್ಲನ್ನು ಉಜ್ಜಿದರೆ ಕೂಗದೆ ಇನ್ನೇನು ಮಾಡೀತು? ಈ ಗೇರ್‌ಗಳನ್ನು ಹಿಡಿದಿರುವ ಕ್ವಾಡ್ರಂಟ್‌ನ ಬೋಲ್ಟ್ ಸಡಿಲಿಸಿ, ಎರಡರ ನಡುವೆ ಒಂದು ಪಟ್ಟಿ ಬಿಳಿ ಹಾಳೆ ಇಟ್ಟು ಒತ್ತಿ ಹಿಡಿದು ಬಿಗಿ ಮಾಡಿದೆ. ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ., ಅಷ್ಟು ಸಂದು ಸಾಕು. ಸ್ಪಿಂಡಲ್ ತುದಿಯ ಹಿಡಿಕೆ, ಚಕ್, ಕೈಯಲ್ಲೇ ತಿರುಗಿಸಿದೆ. ಹಾಳೆ ಹರಿಯದೆ, ಮಡಿಕೆ ಮಡಿಕೆಯಾಗಿ ಆಚೆ ಬಂತು. ಹೊಸ ಗ್ರೀಸ್ ಹಚ್ಚಿ ಕವರ್ ಮುಚ್ಚಿ ಓಡಿಸಿದರೆ ಗೇರಿನ ಸಣ್ಣ ಗುಂಯ್ ಬಿಟ್ಟು ಬೇರೆ ಸದ್ದಿಲ್ಲ.

ಸಣ್ಣತ್ತೆಯ ಮೆಸೇಜ್‌ಗೇ ರಿಪ್ಲೈ ಮಾಡಿ ಹೊಸ ಆಡಿಯೊ ಹಾಕಿದೆ, ಎಲ್ಲರ ಕಣ್ಣಿಗೂ ಬೀಳಲಿ ಅಂತ. "ಅತ್ತೆ ಹೇಳಿದಂಗೇ ಮಾಡ್ದೆ. ಸರಿಹೋಯ್ತು."

ಭಾವ: ಒಳ್ಳೇದಾಯ್ತು. ಆದ್ರೂ ಹಳೇ ಎಚ್‌ಎಂಟಿ ಹಳೇ ಎಚ್‌ಎಂಟಿನೇ.

ದೊಡ್ಡಪ್ಪ: ನಾನೇನ್ ಯೋಳ್ದೆ, ತಾಳ್ಮೆ ಇರ್ಬೇಕು ಅಂತ.

ಚಿಕ್ಕಪ್ಪ: ಆ ಫಾರ್ವರ್ಡ್ ಈಗ್ಲಾದ್ರೂ ಡಿಲೀಟ್ ಮಾಡಿ.

ಸಣ್ಣತ್ತೆ: ಗೇರ್ ಮೇಲಿನ ಕವರ್ ಮರೀದೆ ಹಾಕ್ದಾ ಮಗ? ಕೈ ಜೋಪಾನ.