ಫರಕ್ಕಾದಲ್ಲಿ ಗಂಗೆ ನೀರು ಹಂಚೋ ಲೆಕ್ಕ ಹೇಗೆ?

ಕೂಡ್ಲಿದಂಡೆ:
ಭದ್ರಾ ನಾಲೆಯ ಆನ್-ಆಫ್ ಸರದಿ ನಮ್ಮ ಅಚ್ಚುಕಟ್ಟಿನವರಿಗೆ ಗೊತ್ತಿರೋದೇ. ಗಂಗೆ ನೀರನ್ನ ಭಾರತ, ಬಾಂಗ್ಲಾದೇಶ ಹಂಚಿಕೊಳ್ಳೋದು ಯಾವ ಲೆಕ್ಕದಲ್ಲಿ? ಅಳೆಯೋರು ಯಾರು? ನೀರು ಕಮ್ಮಿಯಾದರೆ ಏನು ಮಾಡ್ತಾರೆ?

ನೀರಗಂಟಿ:
1996ರ ಡಿಸೆಂಬರ್ 12ರಂದು ದೇವೇಗೌಡರು, ಶೇಖ್ ಹಸೀನಾ ಸಹಿ ಹಾಕಿದ 30 ವರ್ಷದ ಒಪ್ಪಂದ ಅದು. ಜನವರಿ 1ರಿಂದ ಮೇ 31ರವರೆಗೆ ಮಾತ್ರ ಅನ್ವಯ, ಹತ್ತತ್ತು ದಿನಕ್ಕೊಂದು ಲೆಕ್ಕ. ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿರೋ ಫರಕ್ಕಾ ಬ್ಯಾರೇಜಿಗೆ ಬಂದ ನೀರು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅರ್ಧರ್ಧ. 70,000ದಿಂದ 75,000 ಇದ್ದರೆ ಬಾಂಗ್ಲಾಕ್ಕೆ 35,000, ಉಳಿದಿದ್ದು ಭಾರತಕ್ಕೆ. ಅದಕ್ಕೂ ಮೇಲಿದ್ದರೆ ಭಾರತಕ್ಕೆ 40,000, ಉಳಿದಿದ್ದು ಅವರಿಗೆ.

ಮಾರ್ಚ್ 11ರಿಂದ ಮೇ 10ರವರೆಗಿನ ಕಡು ಬೇಸಿಗೆಗೆ ಬೇರೆ ಸರದಿ: ಒಂದು ಹತ್ತು ದಿನ ಅವರಿಗೆ 35,000 ಖಾತ್ರಿ, ಮುಂದಿನ ಹತ್ತು ದಿನ ನಮಗೆ. ಏಪ್ರಿಲ್ 1–10 ಅವರದು, 11–20 ನಮ್ಮದು. 35,000 ಕ್ಯೂಸೆಕ್ ಅಂದರೆ ದಿನಕ್ಕೆ 3 ಟಿಎಂಸಿ. ಗಾಜನೂರು ಡ್ಯಾಮ್ ಹೆಚ್ಚುಕಮ್ಮಿ ಒಂದೇ ದಿನಕ್ಕೆ ತುಂಬುವಷ್ಟು.

ಅಳತೆಗೆ ಎರಡೂ ದೇಶದವರಿರೋ ಜಂಟಿ ಸಮಿತಿ ಇದೆ. ಫರಕ್ಕಾದ ಕೆಳಗೆ, ಭಾರತದ ಪಾಲು ಹೂಗ್ಲಿ ನದಿಗೆ ಒಯ್ಯೋ ಫೀಡರ್ ಕಾಲುವೆಯಲ್ಲಿ, ಅತ್ತ ಬಾಂಗ್ಲಾದ ಹಾರ್ಡಿಂಜ್ ಸೇತುವೆ ಹತ್ತಿರ ದಿನಾ ಅಳೀತಾರೆ. ಹರಿವು 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರ ತಕ್ಷಣ ಮಾತುಕತೆಗೆ ಕೂರಬೇಕು.

ಹಿನ್ನೀರು:
ಲೆಕ್ಕ ಸರಿ, ಆದರೆ ನನ್ನ ತಕರಾರು ಅದರ ಬುಡದಲ್ಲೇ ಇದೆ. ವೇಳಾಪಟ್ಟಿ ಕಟ್ಟಿದ್ದು 1949–88ರ ಸರಾಸರಿ ಹರಿವಿನ ಮೇಲೆ. ಫರಕ್ಕಾ ತಲುಪೋ ಮೊದಲೇ ಮೇಲಿನ ರಾಜ್ಯಗಳು ನೀರೆತ್ತುತ್ತವೆ. ಅದಕ್ಕೆ ಒಪ್ಪಂದದಲ್ಲಿ ಅಂಕಿ ಹಾಕಿಕೊಂಡ ಮಿತಿ ಇಲ್ಲ. ಗೇಟಿಗೆ ಬಂದಷ್ಟನ್ನೇ ಹಂಚೋದು.

ಪೆಟ್ಟು ಬೀಳೋದು ತುದಿಭಾಗಕ್ಕೆ. ಗಂಗೆಯಿಂದ ಕವಲೊಡೆಯೋ ಗೊರಾಯ್ ನದಿಯ ಬಾಯಿಗೆ ಹೂಳು ಕಟ್ಟಿಕೊಳ್ಳುತ್ತೆ. ಬೇಸಿಗೆಯಲ್ಲಿ ಸಿಹಿನೀರಿನ ಒತ್ತಡ ಇಳಿದ ಕೂಡಲೇ ಸಮುದ್ರದ ಉಪ್ಪು ಬಾಂಗ್ಲಾದ ನೈರುತ್ಯದ ಖುಲ್ನಾ ಕಡೆಗೆ ಏರುತ್ತೆ. ಸುಂದರಬನದ ಸುಂದರಿ ಮರಗಳು ತುದಿಯಿಂದ ಒಣಗೋದಕ್ಕೆ ಉಪ್ಪೂ ಒಂದು ಕಾರಣ. ಹಿಲ್ಸಾ ಮೀನಿಗಂತೂ 1975ರಿಂದಲೇ ಬ್ಯಾರೇಜು ಅಡ್ಡ.

ಕೂಡ್ಲಿದಂಡೆ:
ಹಾಗಾದರೆ ಬರೀ ಅವರಿಗೆ ಕ್ಯೂಸೆಕ್ ಜಾಸ್ತಿ ಕೊಟ್ಟರೆ ಸಾಕಾ?

ಹಿನ್ನೀರು:
ಸಾಲದು. ಗೊರಾಯ್ ಬಾಯಿಯ ಹೂಳು ತೆಗೆಯದಿದ್ದರೆ ಬಿಟ್ಟ ನೀರು ಪದ್ಮೆಯಲ್ಲೇ (ಬಾಂಗ್ಲಾದಲ್ಲಿ ಗಂಗೆಯ ಹೆಸರು) ನೇರ ಹೋಗುತ್ತೆ. ತೆಗೆದರೂ ಪ್ರತಿ ಮಳೆಗಾಲ ಮತ್ತೆ ತುಂಬುತ್ತೆ, ಹಾಗಾಗಿ ವರ್ಷವರ್ಷವೂ ಆಗಬೇಕಾದ ಕೆಲಸ. ಒಪ್ಪಂದದ ಅವಧಿ 2026ರ ಡಿಸೆಂಬರಿಗೆ ಮುಗಿಯೋದರಿಂದ ಹೊಸ ಕರಡಲ್ಲಿ ಮೂರು ಸೇರಲೇಬೇಕು: ಹೂಳಿನ ಅಳತೆ, ಖುಲ್ನಾ ಕಡೆಯ ಉಪ್ಪಿನಂಶದ ಅಳತೆ, ಫರಕ್ಕಾದ ಮೇಲ್ಭಾಗದಲ್ಲಿ ಎತ್ತಿದ ನೀರಿನ ಲೆಕ್ಕ. ಮೂರನೆಯದಕ್ಕೆ ಉತ್ತರ ಪ್ರದೇಶ, ಬಿಹಾರ ಒಪ್ಪಬೇಕು. ಕಷ್ಟ ಇರೋದು ಅಲ್ಲೇ.