‘ಅಹವಾಲು ಸಭೆ’ ಎನ್ನುವ ಬದಲು ಏನೆನ್ನೋಣ?

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಕಡೆ, ಹಾಲಕ್ಕಿ ಒಕ್ಕಲಿಗ ಸಮುದಾಯದ ಕೊಪ್ಪ(ಪುಟ್ಟ ಕೇರಿ)ವೊಂದರಲ್ಲಿ ಓದಿ ಹೇಳಲೆಂದು ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಡು, ಬೆಟ್ಟ, ಗಜನಿಯನ್ನು (ಉಪ್ಪುನೀರು ನುಗ್ಗುವ ಗದ್ದೆಯನ್ನು) ನಂಬಿ ತಲೆಮಾರುಗಳಿಂದ ಬದುಕಿದವರ ನೆಲಕ್ಕೆ ಯೋಜನೆ ತರುವ ಮೊದಲು ಅವರೊಂದಿಗೆ ಹೇಗೆ ಮಾತಾಡಬೇಕು ಎಂಬುದು ಅದರ ವಿಷಯ. ಮೂಲದಲ್ಲಿ ‘ಕನ್ಸಲ್ಟೇಶನ್’ (ಜನರ ಅಭಿಪ್ರಾಯ ಕೇಳುವುದು) ಮತ್ತು ‘ಕನ್ಸೆಂಟ್’ (ಜನ ಒಪ್ಪುವುದು) ಪದೇಪದೇ ಬರುತ್ತವೆ. ನಾನು ಸಿಕ್ಕಿಕೊಂಡಿರುವುದು ಅಲ್ಲಿಯೇ.

ಮೊದಲ ಕರಡಿನಲ್ಲಿ ರೂಢಿಯಂತೆ ‘ಸಾರ್ವಜನಿಕ ಅಹವಾಲು ಸಭೆ’ ಎಂದು ಬರೆದಿದ್ದೆ. ಜಗಲಿಯಲ್ಲಿ ಕುಳಿತು ಓದುತ್ತಿದ್ದಾಗ, ಕೊರಳ ತುಂಬ ಮಣಿಸರ ಹಾಕಿದ್ದ ಅಜ್ಜಿಯೊಬ್ಬರು ಶೇಂಗಾ ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. ಅವರ ಮಾತನ್ನು ಬರಹದ ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: “ಅಹವಾಲು ಕೊಡುವುದು ನಮಗೆ ಏನಾದರೂ ಬೇಕಾದಾಗ. ಈಗ ಬೇಕಾಗಿರುವುದು ಅವರಿಗೆ. ಹಾಗಾದರೆ ಅಹವಾಲು ತರಬೇಕಾದವರು ಯಾರು?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅರಬ್ಬಿಯಲ್ಲಿ ‘ಹಾಲ್’ ಎಂದರೆ ಸ್ಥಿತಿ. ಅದರ ಬಹುವಚನ ‘ಅಹ್ವಾಲ್’. ಮರಾಠಿಯಲ್ಲಿ ಇಂದಿಗೂ ಅಹವಾಲು ಎಂದರೆ ವರದಿ. ಕನ್ನಡದಲ್ಲಿ ಮಾತ್ರ ಅದು ದೊಡ್ಡವರ ಮುಂದೆ ಕೈಮುಗಿದು ಹೇಳಿಕೊಳ್ಳುವ ಕಷ್ಟವಾಯಿತು. ಇಂತಹ ಸಭೆಗೆ ಇಂಗ್ಲಿಷಿನಲ್ಲಿರುವ ‘ಪಬ್ಲಿಕ್ ಹಿಯರಿಂಗ್’ ಎಂಬ ಹೆಸರು ಕೇಳಿಸಿಕೊಳ್ಳುವವರ ಕರ್ತವ್ಯವನ್ನು ಹೇಳುತ್ತದೆ, ನಮ್ಮ ಹೆಸರು ಜನರನ್ನು ಅರ್ಜಿದಾರರನ್ನಾಗಿ ನಿಲ್ಲಿಸುತ್ತದೆ. ‘ಸಮಾಲೋಚನೆ’ಯಲ್ಲಿ ಸಮಾನತೆ ಇದೆ ನಿಜ. ಆದರೆ ಕೊಪ್ಪದಲ್ಲಿ ಅದು ಯಾರ ಬಾಯಲ್ಲೂ ಇಲ್ಲದ ಪದ.

ಇದನ್ನು ಬರೀ ಪದದ ಜಗಳ ಎಂದುಕೊಳ್ಳಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಕೊಡಬೇಕು, ಆದರೆ ಕೋರಂ (ಇಷ್ಟು ಜನ ಇರಲೇಬೇಕೆಂಬ ಲೆಕ್ಕ) ಬೇಕಿಲ್ಲ. ಅಲ್ಲಿ ಅಭಿಪ್ರಾಯ ದಾಖಲಾಗುತ್ತದೆ, ತೀರ್ಮಾನವಾಗುವುದಿಲ್ಲ. ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಗೆ, 2012ರಲ್ಲಿ ತಿದ್ದಿದ ನಿಯಮದಂತೆ, ಅರ್ಧದಷ್ಟು ಸದಸ್ಯರು ಇರಲೇಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2013ರಲ್ಲಿ 12 ಗ್ರಾಮಸಭೆಗಳು ಸೇರಿ, ಹನ್ನೆರಡೂ ಗಣಿ ಬೇಡ ಎಂದವು. ಈ ಎರಡು ಬಗೆಯ ಸಭೆಗಳಿಗೂ ಒಂದೇ ಹೆಸರು ಕೊಟ್ಟರೆ ಓದುವವರಿಗೆ ನಾನು ಮೋಸ ಮಾಡಿದಂತೆ. (ಜನರನ್ನು ಹೆಸರಿಸುವಾಗಲೂ ಇದೇ ಕಷ್ಟ. ‘ಪರಿಶಿಷ್ಟ ಪಂಗಡ’ ಎಂದು ಬರೆದರೆ 2003ರಲ್ಲಿ ಪಟ್ಟಿಗೆ ಸೇರಿದ ಸಿದ್ದಿಯರು ಒಳಗಿರುತ್ತಾರೆ, ಹಾಲಕ್ಕಿಯವರು ಹೊರಗುಳಿಯುತ್ತಾರೆ.)

‘ಕನ್ಸೆಂಟ್’ಗೆ ‘ಒಪ್ಪಿಗೆ’ ಸರಳವೆನಿಸಿತ್ತು. ‘ಒಪ್ಪು’ ಚೆಂದದ ಪದ. ಉಟ್ಟ ಸೀರೆ ಮೈಗೆ ಒಪ್ಪುತ್ತದೆ, ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ‘ಒಪ್ಪಿಸು’ ಎಂದ ಕೂಡಲೇ ಅದು ಬೇರೆಯೇ ಆಗುತ್ತದೆ. ‘ಊರವರನ್ನು ಒಪ್ಪಿಸಿದರು’, ‘ಜಮೀನು ಒಪ್ಪಿಸಿದರು’: ಕ್ರಿಯಾಪದ ಒಂದೇ. ಸೀ ಬರ್ಡ್ ನೌಕಾನೆಲೆಗೆ, ಕೈಗಾ ಅಣುಸ್ಥಾವರಕ್ಕೆ, ಸೂಪಾ ಅಣೆಕಟ್ಟಿಗೆ ನೆಲ ಬಿಟ್ಟುಕೊಟ್ಟ ಜಿಲ್ಲೆಯಲ್ಲಿ ಈ ಎರಡು ಅರ್ಥಗಳ ನಡುವಿನ ಅಂತರ ಎಷ್ಟು ಕಡಿಮೆ ಎಂದು ವಿವರಿಸಬೇಕಿಲ್ಲ. ಮೇಲಾಗಿ ‘ಒಪ್ಪಿಗೆ ಪಡೆಯುವುದು’ ಎಂದಾಗ ಹೌದು ಎಂಬ ಉತ್ತರ ಮೊದಲೇ ಬರೆದಿಟ್ಟಂತಾಗುತ್ತದೆ. ಆದ್ದರಿಂದ ಆ ಪದ ಬಂದ ಕಡೆಯಲ್ಲೆಲ್ಲ ‘ಒಪ್ಪುವ ಅಥವಾ ಒಲ್ಲೆ ಎನ್ನುವ ಹಕ್ಕು’ ಎಂದು ಬಿಡಿಸಿ ಬರೆದಿದ್ದೇನೆ.

ಈಗ ನನ್ನ ಮನಸ್ಸು ‘ಕೇಳು’ ಕಡೆಗೆ ವಾಲಿದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ‘ಹೇಳಿದ ಮಾತು ಕೇಳಿದ’ ಎಂದರೆ ಅದರಂತೆ ನಡೆದ ಎಂದೂ ಅರ್ಥ. ಮೂರೂ ಬೇಕಾದ ಜಾಗ ಇದು. ಆದರೆ ‘ಊರು ಕೇಳುವ ಸಭೆ’ ಎಂದರೆ ಕೇಳುವುದು ಊರೋ, ಕೇಳಿಸಿಕೊಳ್ಳಬೇಕಾದವರು ಬೇರೆಯೋ ಎಂಬ ಗೊಂದಲ. ‘ಊರನ್ನು ಕೇಳುವ ಸಭೆ’ ನಿಮ್ಮ ಕಿವಿಗೆ ಸರಿ ಬೀಳುತ್ತದೆಯೇ?

ಇನ್ನೊಂದು ಕೋರಿಕೆ. ಜೋಯಿಡಾದ ಕುಣಬಿಯವರಲ್ಲಿ, ಯಲ್ಲಾಪುರದ ಸಿದ್ದಿ ಮತ್ತು ಗೌಳಿಯವರಲ್ಲಿ, ಊರೆಲ್ಲ ಕೂತು ‘ಹೌದು’ ಅಥವಾ ‘ಬೇಡ’ ಎಂದು ತೀರ್ಮಾನಿಸುವುದಕ್ಕೆ ಯಾವ ಮಾತು ಬಳಕೆಯಲ್ಲಿದೆ? ಹಿರಿಯರಿಂದ ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ. ಮುಂದಿನ ವಾರ ಅದೇ ಜಗಲಿಯಲ್ಲಿ ಎರಡನೇ ಕರಡನ್ನು ಓದಬೇಕು.