ಇತಿಹಾಸ ಓದಿದವರಿಗೆ ಮೊದಲ ಕೆಲಸ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಇತಿಹಾಸದಲ್ಲಿ ಡಿಗ್ರಿ ಮುಗಿಸಿದ್ದೇನೆ. ಅರ್ಜಿ ಹಾಕುತ್ತಲೇ ಇದ್ದೇನೆ, ಒಂದು ಕಡೆಯಿಂದಲೂ ಕರೆ ಬಂದಿಲ್ಲ. ಎಲ್ಲರೂ ಅನುಭವ ಕೇಳುತ್ತಾರೆ. ಟೀಚಿಂಗ್ ಬಿಟ್ಟರೆ ನಮಗೆ ಬೇರೆ ದಾರಿ ಇದೆಯಾ? ಯಾವುದಾದರೂ ಕಂಪ್ಯೂಟರ್ ಕೋರ್ಸ್ ಸೇರಿಬಿಡಲಾ?

ಉತ್ತರ: ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಸ್ವಲ್ಪ ತಡೆಯಿರಿ. ನಾನು ನೇಮಕಾತಿ ವಿಭಾಗದಲ್ಲಿದ್ದೇನೆ, ಅರ್ಜಿ ಓದುವವರ ಕಡೆಯಿಂದ ಹೇಳುತ್ತೇನೆ. ನೀವು ಓದಿದ ವಿಷಯದ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಮೇಷ್ಟ್ರ ಕೆಲಸ, ಮ್ಯೂಸಿಯಂ, ಪತ್ರಾಗಾರ, ಅಷ್ಟೇ. ದಿನವಿಡೀ ಯಾವ ಕೆಲಸ ಮಾಡಿದರೆ ಬೇಸರವಾಗುವುದಿಲ್ಲ ಅನ್ನುವುದನ್ನು ಹಿಡಿದು ಹುಡುಕಿ. ರಾಶಿ ಓದಿ ಸಾರ ತೆಗೆಯುವುದು ಇಷ್ಟವಾದರೆ ರಿಸರ್ಚ್ ಅಸಿಸ್ಟೆಂಟ್, ಫ್ಯಾಕ್ಟ್ ಚೆಕಿಂಗ್. ತಿದ್ದಿ ತೀಡುವುದಾದರೆ ಪ್ರಕಾಶನ ಸಂಸ್ಥೆಗಳು, ಟೆಕ್ನಿಕಲ್ ರೈಟಿಂಗ್ (ಸಾಫ್ಟ್‌ವೇರ್, ಯಂತ್ರಗಳನ್ನು ಬಳಸುವುದು ಹೇಗೆ ಎಂದು ಸರಳವಾಗಿ ಬರೆದುಕೊಡುವ ಕೆಲಸ). ಜನರ ಜೊತೆ ಮಾತಾಡುವುದಾದರೆ ಎಚ್‌ಆರ್, ಸ್ವಯಂಸೇವಾ ಸಂಸ್ಥೆಗಳಲ್ಲಿ ಪ್ರೋಗ್ರಾಂ ಕೋಆರ್ಡಿನೇಟರ್. ಎರಡು ಭಾಷೆ ಚೆನ್ನಾಗಿ ಬಂದರೆ ಅನುವಾದ, ಸಬ್‌ಟೈಟಲ್. ಇವುಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಿ. ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆಗೂ ಕಳಿಸಿದರೆ ಅದು ಯಾರಿಗೂ ಬರೆದಂತಿರುವುದಿಲ್ಲ.

ಇನ್ನು ಅನುಭವದ ಮಾತು. ‘1–2 ವರ್ಷ’ ಎಂದು ಬರೆದಿದ್ದರೂ, ಕೇಳಿದ ಕೆಲಸದಲ್ಲಿ ಹೆಚ್ಚಿನದು ನಿಮಗೆ ಬರುತ್ತದೆ ಅನ್ನಿಸಿದರೆ ಅರ್ಜಿ ಹಾಕಿ. ‘5 ವರ್ಷ’ ಎಂದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ರೆಸ್ಯೂಮೆಯಲ್ಲಿ ‘ಉತ್ತಮ ಸಂವಹನ ಕೌಶಲ, ತಂಡದಲ್ಲಿ ಕೆಲಸ ಮಾಡುವ ಗುಣ’ ಎಂದು ಹಾಕಿದ್ದೇನೆ. ಕೊನೆಯ ವರ್ಷ ಹಳೆಯ ಪತ್ರಿಕೆಗಳಲ್ಲಿ ಬಂದ ಪ್ರವಾಹದ ಸುದ್ದಿಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಅದು ಕೆಲಸಕ್ಕೆ ಬರುತ್ತಾ?

ಉತ್ತರ: ಅದೇ ಕೆಲಸಕ್ಕೆ ಬರುವುದು! ಸಂವಹನ ಕೌಶಲದ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ, ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅದನ್ನು ತೆಗೆದು ಹೀಗೆ ಬರೆಯಿರಿ: ‘ಹಳೆಯ ಪತ್ರಿಕೆಗಳ 60 ಸಂಚಿಕೆ ಓದಿ, ಪ್ರವಾಹದ ವರದಿಗಳನ್ನು ದಿನಾಂಕ, ಸ್ಥಳ, ಹಾನಿಯ ಪ್ರಕಾರ ಎಕ್ಸೆಲ್‌ನಲ್ಲಿ ವಿಂಗಡಿಸಿ, ಒಂದಕ್ಕೊಂದು ತಾಳೆಯಾಗದ ಅಂಕಿಗಳನ್ನು ಗುರುತಿಸಿ, 40 ಪುಟದ ವರದಿ ಸಿದ್ಧಪಡಿಸಿದೆ.’ ಅಂಕಿಗಳು ನಿಮ್ಮವೇ ಇರಲಿ, ನಾನು ಮಾದರಿಗೆ ಹಾಕಿದ್ದೇನೆ. ಇದನ್ನು ಓದಿದವರಿಗೆ ನೀವು ಕೂತು ಕೆಲಸ ಮಾಡಬಲ್ಲಿರಿ, ಕಂಡದ್ದನ್ನೆಲ್ಲ ನಂಬುವುದಿಲ್ಲ ಎಂದು ಗೊತ್ತಾಗುತ್ತದೆ. ಆ 40 ಪುಟವನ್ನು ಎರಡು ಪುಟಕ್ಕಿಳಿಸಿ, ವಿಷಯ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಬರೆದು ಅರ್ಜಿಯ ಜೊತೆಗಿಡಿ. ನನ್ನ ಮಟ್ಟಿಗೆ ಅದು ಸರ್ಟಿಫಿಕೇಟಿಗಿಂತ ಮೇಲು. ಎಕ್ಸೆಲ್ ಗಟ್ಟಿ ಇಲ್ಲದಿದ್ದರೆ ಅದನ್ನು ಕಲಿಯಿರಿ, ಉಚಿತವಾಗಿಯೇ ಕಲಿಯಬಹುದು. ನಿಮ್ಮ ಕೋರ್ಸಿನ ಪ್ರಶ್ನೆಗೆ ಇದೇ ಉತ್ತರ.

ಪ್ರಶ್ನೆ: ನನಗೆ ಯಾರ ಪರಿಚಯವೂ ಇಲ್ಲ ಮೇಡಂ. ಶಿಫಾರಸು ಇಲ್ಲದೆ ಆಗುತ್ತಾ?

ಉತ್ತರ: ಆಗುತ್ತದೆ. ಪರಿಚಯ ಅಂದರೆ ಹತ್ತಿರದವರೇ ಆಗಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು: ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ ನೋಡಿ. 2022ರಲ್ಲಿ ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಬಳಕೆದಾರರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಕಂಡಿತು. ನಿಮ್ಮ ವಿಭಾಗದಲ್ಲೇ ಓದಿ ಈಗ ಕೆಲಸದಲ್ಲಿರುವ ಸೀನಿಯರ್‌ಗಳನ್ನು ಹುಡುಕಿ. ‘ಕೆಲಸ ಕೊಡಿಸಿ’ ಅನ್ನಬೇಡಿ, ಅವರು ಮುಜುಗರಪಟ್ಟು ಸುಮ್ಮನಾಗುತ್ತಾರೆ. ‘ನಿಮ್ಮ ಕೆಲಸದಲ್ಲಿ ದಿನ ಹೇಗಿರುತ್ತದೆ, ಶುರುವಿನಲ್ಲಿ ಏನು ಗೊತ್ತಿರಬೇಕು, ಹದಿನೈದು ನಿಮಿಷ ಮಾತಾಡಬಹುದೇ?’ ಎಂದು ಕೇಳಿ. ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಬ್ಬರ ಪ್ರಶ್ನೆ: ನನಗೊಂದು ಆಫರ್ ಬಂದಿದೆ ಮೇಡಂ. ಇಂಟರ್‌ವ್ಯೂ ಮಾಡಲೇ ಇಲ್ಲ, ಟ್ರೈನಿಂಗ್‌ಗೆ ಡೆಪಾಸಿಟ್ ಕಟ್ಟಿ ಅಂತಿದ್ದಾರೆ. ಕಟ್ಟಲಾ?

ಉತ್ತರ: ಖಂಡಿತ ಬೇಡ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಗುರುತಿನ ಚೀಟಿಯ ಪ್ರತಿ, ಬ್ಯಾಂಕ್ ವಿವರವನ್ನೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ.